ಕೂಗಿಲ್ಲದೆ ಬಂದ ಗಂಧಸಾಲೆಯ ಪರಿಮಳ

ಮೊನ್ನೆ ಮೆಲ್ಕಾರಿನ ನಮ್ಮ ಮನೆಯ ಕಿಟಕಿಯಿಂದ ಪರಿಮಳದ ಅಕ್ಕಿ ಬೇಯುವ ಘಮ ಬಂತು. ಕೈಯಲ್ಲಿದ್ದ ಸೌಟು ಬಿಟ್ಟು ಜಗಲಿಗೆ ಬಂದು, ಯಾರಾದರೂ ಕೂಗುತ್ತಾರೋ ಎಂದು ಕಾದೆ. ಯಾರೂ ಕೂಗಲಿಲ್ಲ. ನೆರಿಯದ ದೊಡ್ಡಮ್ಮ ನೆನಪಾದರು...

ಅರುವತ್ತರ ದಶಕದ ಆರಂಭದಲ್ಲಿ ನಾನು ತೋಡಾರಿನಿಂದ ನೆರಿಯಕ್ಕೆ ಮದುವೆಯಾಗಿ ಹೋದವಳು. ದೊಡ್ಡಮ್ಮ ಸಂಬಂಧಿಕರಲ್ಲ, ಬೇಲಿಯಾಚೆಯ ಮನೆಯವರು. ಗಂಡ ತೀರಿಹೋಗಿದ್ದರು, ಉಳಿದದ್ದು ಒಂದು ಹಸು, ಮತ್ತು ಊರಿಗೆಲ್ಲ ಕೇಳುವ ಸ್ವರ. ಹೊಸತರಲ್ಲಿ ಒಮ್ಮೆ ತವರಿನಿಂದ ತಂದ ಗಂಧಸಾಲೆ ಅಕ್ಕಿಯನ್ನು ಒಲೆಗಿಟ್ಟೆ. ಅನ್ನ ಬೇಯುವುದರೊಳಗೆ ದೊಡ್ಡಮ್ಮ ಹಸುವನ್ನು ಎಳೆದು ತಂದು ಹಟ್ಟಿಯಲ್ಲಿ ಕಟ್ಟಿ, ಕತ್ತಿ ಹಿಡಿದು ನಮ್ಮ ಅಂಗಳದಲ್ಲಿ ನಿಂತಿದ್ದರು.

“ಮಾರಾಯ್ತಿ, ಗಂಧಸಾಲೆ ಬೇಯಿಸುವಾಗ ಒಂದು ಕೂಗು ಹಾಕ್ಲಿಕ್ಕೆ ಆಗುದಿಲ್ವಾ? ನನ್ನ ಜೀವ ಹೋಯಿತು.”

ಕಾಡಂಚಿನ ಆ ನಾಲ್ಕು ಮನೆಗಳ ಪದ್ಧತಿ ನನಗೆ ಗೊತ್ತಿರಲಿಲ್ಲ. ಹುಲಿ ಮರಕ್ಕೆ ಮೂತ್ರ ಸಿಡಿಸಿ ಹೋದಲ್ಲಿ ಗಂಧಸಾಲೆ ಅನ್ನದ್ದೇ ವಾಸನೆ ಇರುತ್ತದಂತೆ. ಹಾಗಾಗಿ ಆ ಅನ್ನ ಮಾಡುವವರು ಮೊದಲು ಅಂಗಳಕ್ಕೆ ಬಂದು “ಇವತ್ತು ನಮ್ಮಲ್ಲಿ ಗಂಧಸಾಲೆ” ಎಂದು ಕೂಗಬೇಕು. ಕೂಗಿಲ್ಲದೆ ಪರಿಮಳ ಬಂದರೆ ದನಗಳನ್ನು ಹಟ್ಟಿಗೆ ಸೇರಿಸಬೇಕು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೆ ನಾನು.

ಆ ವರ್ಷ ಕಾಟ ಕೊಟ್ಟದ್ದು ಮಾತ್ರ ಚಿಟ್ಟೆಹುಲಿ, ಅಂದರೆ ಚಿರತೆ. ದೊಡ್ಡಮ್ಮನ ನಾಯಿಯನ್ನು ಜಗಲಿಯಿಂದಲೇ ಹೊತ್ತೊಯ್ದಿತು, ಆಮೇಲೆ ಕರುವನ್ನು. ಹಸು ಮತ್ತೆ ಗಬ್ಬವಾಗಿ ದಿನ ತುಂಬುತ್ತಿದ್ದಾಗ ಹಟ್ಟಿಯ ಸುತ್ತ ಅದರ ಹೆಜ್ಜೆ ಕಾಣಿಸತೊಡಗಿತು. ಆ ಹಸು ಹೋದರೆ ದೊಡ್ಡಮ್ಮನ ಹೊಟ್ಟೆಪಾಡೇ ಹೋದಂತೆ. ಅವರು ಹುಲಿಯ ದೈವ ಪಿಲಿಚಾಮುಂಡಿಗೆ ಹರಕೆ ಹೇಳಿಕೊಂಡರು: ಚಿಟ್ಟೆಹುಲಿಯನ್ನು ನೀನು ನೋಡಿಕೋ, ಮೊದಲ ಹಾಲು ನಿನಗೆ.

ಒಂದು ಮಧ್ಯಾಹ್ನ ಹಟ್ಟಿಗೆ ಹಾಸುವ ಸೊಪ್ಪು ತರಲು ನಾವಿಬ್ಬರೂ ಗುಡ್ಡೆಗೆ ಹೋಗಿದ್ದೆವು. ಪಾದೆಕಲ್ಲಿನ ಮೇಲೆ ಹೊರೆ ಕಟ್ಟುತ್ತಿದ್ದಾಗ ಗಾಳಿಯಲ್ಲಿ ಗಂಧಸಾಲೆಯ ಪರಿಮಳ ಬಂತು. ಯಾರ ಮನೆಯಲ್ಲಿ ಎಂದು ಕೇಳಹೊರಟೆ. ದೊಡ್ಡಮ್ಮ ನನ್ನ ಬಾಯಿ ಮುಚ್ಚಿದರು.

ಕೆಳಗೆ ನೀರಿನ ತೋಡಿನ ಬದಿಯಲ್ಲಿ ಚಿಟ್ಟೆಹುಲಿ ಹಂದಿಮರಿಯೊಂದನ್ನು ತಿನ್ನುತ್ತಿತ್ತು. ನಮ್ಮ ನಿದ್ದೆ ಕೆಡಿಸಿದ ಪ್ರಾಣಿ... ಅದು ತಟ್ಟನೆ ತಲೆ ಎತ್ತಿತು. ಅದರ ಮುಖದಲ್ಲಿ ನಾನು ಹೆದರಿಕೆ ಕಂಡೆ. ಅದಕ್ಕೂ ಹೆದರಿಕೆ ಇದ್ದೀತೆಂದು ನಾನು ಯೋಚಿಸಿರಲೇ ಇಲ್ಲ. ಹತ್ತಿರದ ಮರಕ್ಕೆ ಹಾರಿತು. ಪೊದೆಯಿಂದ ಹುಲಿ ನುಗ್ಗಿ, ಹಿಂಗಾಲಿನ ಮೇಲೆ ನಿಂತು, ಅದನ್ನು ಕೆಳಗೆಳೆದು ಕುತ್ತಿಗೆಗೆ ಬಾಯಿ ಹಾಕಿತು. ಒಮ್ಮೆ ಕೊಡವಿತು, ಅಷ್ಟೆ. ಹಕ್ಕಿಗಳೂ ಸದ್ದು ನಿಲ್ಲಿಸಿದವು. ಹುಲಿ ಅಲ್ಲೇ ಕೂತು, ಗದ್ದೆ ಕೆಲಸ ಮುಗಿಸಿದವರು ಗಂಜಿಗೆ ಕೂತ ಹಾಗೆ, ನಿಧಾನಕ್ಕೆ ತಿನ್ನತೊಡಗಿತು. ಅಷ್ಟು ಚಂದದ್ದನ್ನೂ ಅಷ್ಟು ಭಯದ್ದನ್ನೂ ಒಟ್ಟಿಗೆ ನಾನು ಮತ್ತೆ ನೋಡಿಲ್ಲ. ಕೈ ಯಾವಾಗ ಮುಗಿದೆನೋ ನನಗೇ ತಿಳಿಯದು. ದೊಡ್ಡಮ್ಮನ ಕೈಯೂ ಮುಗಿದಿತ್ತು.

ಸೊಪ್ಪು ಅಲ್ಲೇ ಬಿಟ್ಟು ಮನೆಗೆ ಬಂದೆವು.

“ನಿಮ್ಮ ಹರಕೆ ಫಲಿಸಿತಲ್ಲ, ದೊಡ್ಡಮ್ಮ,” ಎಂದೆ.

ಅವರು ಹಟ್ಟಿಯ ಬಾಗಿಲಿಗೆ ಇನ್ನೊಂದು ಅಡ್ಡಮರ ಸೇರಿಸುತ್ತಿದ್ದರು. “ಫಲಿಸಿತು. ಈಗ ಬಂದವರನ್ನು ಕಳಿಸ್ಲಿಕ್ಕೆ ಯಾರಿಗೆ ಹೇಳುವುದು?”

ಹಸು ಕರು ಹಾಕಿತು. ಮೊದಲ ಹಾಲು ದೈವಕ್ಕೆ ಹೋಯಿತು. ಆ ಮಳೆಗಾಲದ ತನಕ ಆಗಾಗ ಕೂಗಿಲ್ಲದೆ ಪರಿಮಳ ಬರುತ್ತಿತ್ತು, ಹಸುವನ್ನು ಮಾತ್ರ ಹುಲಿ ಮುಟ್ಟಲಿಲ್ಲ. ದೈವದ ಕೃಪೆಯೋ, ಅಡ್ಡಮರದ ಕೃಪೆಯೋ. ಮತ್ತೆ ಆ ಪರಿಮಳವೂ ನಿಂತಿತು. ವರ್ಷಗಳು ಕಳೆದರೂ ದೊಡ್ಡಮ್ಮ ಮಾತ್ರ ಘಮ ಬಂದ ಕೂಡಲೇ ಬೇಲಿಗೆ ಬಂದು, “ನಿಮ್ಮಲ್ಲಿ ಗಂಧಸಾಲೆಯಾ?” ಎಂದು ಕೇಳುತ್ತಿದ್ದರು. ಹೌದು ಎಂದರೆ ಅವರ ಮುಖ ಸ್ವಲ್ಪ ಸಣ್ಣದಾಗುತ್ತಿತ್ತು. ಅವರು ಹೋಗಿಯೂ ಬಹಳ ಕಾಲವಾಯಿತು...

ಮೊನ್ನೆ ಕಡೆಗೆ ನಾನೇ ಗೋಡೆಯಾಚೆಗೆ ಇಣುಕಿ ಪಕ್ಕದ ಮನೆಯ ಸೊಸೆಯನ್ನು ಕೇಳಿದೆ: “ಇವತ್ತು ನಿಮ್ಮಲ್ಲಿ ಗಂಧಸಾಲೆಯಾ?”

“ಬಾಸ್ಮತಿ, ಅಜ್ಜಿ. ಸ್ವಲ್ಪ ತರ್ತೇನೆ.”

ನನಗೆ ಆಸೆಯಾಗಿದೆ ಎಂದುಕೊಂಡಳು, ಪಾಪ. ಬಟ್ಟಲು ಕೈಗೆ ಬಂತು. ಬಿಸಿಯಾಗಿತ್ತು, ಅದೇ ಪರಿಮಳ. ಮುಚ್ಚಳ ತೆಗೆದು ನೋಡಿದೆ. ಅನ್ನವೇ ಇತ್ತು.