ಗುಲಾಬಕ್ಕನಿಗೆ ನಾನು ಕೊಟ್ಟ ಮಾತ್ರೆಗಳು

೨೦೧೭ರಲ್ಲಿ ನಾನು ತೆಕ್ಕಟ್ಟೆಯ ಹೆದ್ದಾರಿ ಬದಿಯಲ್ಲಿ ಮೆಡಿಕಲ್ ಶಾಪ್ ನಡೆಸುತ್ತಿದ್ದೆ. ಡಿ.ಫಾರ್ಮಾ ಮುಗಿಸಿ ಕೌಂಟರಿನ ಹಿಂದೆ ನಿಲ್ಲಲು ಶುರುಮಾಡಿ ಆಗಲೇ ಇಪ್ಪತ್ತೇಳು ವರ್ಷವಾಗಿತ್ತು. ಊರಿನವರು ನನ್ನನ್ನು ಅರ್ಧ ಡಾಕ್ಟರು ಎನ್ನುತ್ತಿದ್ದರು. ಹಾಗೆನ್ನಬೇಡಿ ಎಂದು ಬಾಯಲ್ಲಿ ಹೇಳಿದರೂ ಒಳಗೊಳಗೆ ನನಗದು ಖುಷಿಯೇ ಆಗಿತ್ತು.

ಮಳೆಗಾಲ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ದಿನಗಳಲ್ಲಿ ಗುಲಾಬಕ್ಕ ಅಂಗಡಿಗೆ ಬಂದರು. ಮನೆಮನೆಗೆ ಮೀನು ಹೊತ್ತು ಮಾರುವವರು, ವಯಸ್ಸು ನಲವತ್ತನಾಲ್ಕು. ಮುಂಬೈಯ ಹೋಟೆಲೊಂದರಲ್ಲಿ ದುಡಿಯುತ್ತಿದ್ದ ಅವರ ಅಣ್ಣ ಹಿಂದಿನ ತಿಂಗಳಷ್ಟೇ ದೊಡ್ಡಕರುಳಿನ ಕ್ಯಾನ್ಸರಿನಿಂದ ತೀರಿಕೊಂಡಿದ್ದ. ಅವನಿಗೆ ನಲವತ್ತೆಂಟು.

"ಹ್ವಾಯ್ ಶೆಟ್ರೇ, ಅಣ್ಣಂಗೆ ಬಂದ ಕಾಯ್ಲಿ ನಂಗೆ ಬಾರ್ದಾಂಗೆ ಎಂತಾರೂ ಮಾತ್ರಿ ಇತ್ತಾ?"

ಕಂಪನಿಯ ಪ್ರತಿನಿಧಿ ಕೊಟ್ಟುಹೋಗಿದ್ದ ಬಣ್ಣದ ಕರಪತ್ರ ನನ್ನ ಕೈಯಳತೆಯಲ್ಲೇ ಇತ್ತು. ಕ್ಯಾಲ್ಸಿಯಂ, ವಿಟಮಿನ್ ಡಿ, ಮೀನೆಣ್ಣೆ ಕರುಳನ್ನು ಕಾಯುತ್ತವೆ ಎಂದು ಅದರಲ್ಲಿತ್ತು. ಮೂರನ್ನೂ ತೆಗೆದು ಅವರ ಮುಂದಿಟ್ಟೆ. ಅಣ್ಣ ಸತ್ತ ಮೇಲೆ ಮೊದಲ ಸಲವೋ ಏನೋ, ಗುಲಾಬಕ್ಕ ನಕ್ಕರು.

"ಮೀನ್ ಮಾರುವರಿಗೇ ಮೀನೆಣ್ಣಿ ಮಾರ್ತ್ರಿಯಾ ಮಾರ್ರೆ?"

ಇಬ್ಬರೂ ನಕ್ಕೆವು. ಅವರು ಧೈರ್ಯ ತಂದುಕೊಂಡು ಮನೆಗೆ ಹೋದರು. ಇವತ್ತಿಗೂ ನನ್ನನ್ನು ಚುಚ್ಚುವುದು ಆ ಧೈರ್ಯವೇ. ಒಡಹುಟ್ಟಿದವರಿಗೆ ಐವತ್ತರೊಳಗೆ ಈ ಕ್ಯಾನ್ಸರ್ ಬಂದಿದ್ದರೆ ಉಳಿದವರು ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡಕರುಳನ್ನು ನೋಡುವ ಪರೀಕ್ಷೆ, ಮಾಡಿಸಿಕೊಳ್ಳಬೇಕು. ಇದನ್ನು ನಾನೂ ಎಲ್ಲೋ ಓದಿದ್ದೆ. ಆ ಹೊತ್ತಿಗೆ ನೆನಪಾಗಲಿಲ್ಲ. ನೆನಪಿಸಿಕೊಳ್ಳುವ ಪ್ರಯತ್ನವನ್ನೂ ಮಾಡಲಿಲ್ಲ.

ಆರು ತಿಂಗಳ ಬಳಿಕ ಅವರ ದೂರು ಬೇರೆಯಾಗಿತ್ತು. "ಬುಟ್ಟಿ ಹೊತ್ಕಂಡ್ ನಡೂಕ್ ಎಡಿತಿಲ್ಲ, ಏದುಸಿರ್ ಬತ್ತ್." ಕಣ್ಣಿನ ರೆಪ್ಪೆಯೊಳಗೆ ನೋಡಿದೆ, ಬಿಳಿಚಿತ್ತು. ರಕ್ತ ಕಡಿಮೆ ಎಂದು ಕಬ್ಬಿಣಾಂಶದ ಮಾತ್ರೆ ಕೊಟ್ಟೆ. ರಕ್ತ ಯಾಕೆ ಕಡಿಮೆಯಾಯಿತು ಎಂದು ಕೇಳಲಿಲ್ಲ.

ಮತ್ತೆ ಬಂದಾಗ ಅಂಗಡಿಯಲ್ಲಿ ಬೇರೆಯವರಿದ್ದರು. ಅವರು ಹೋಗುವವರೆಗೆ ಕಾದು ತಗ್ಗಿದ ದನಿಯಲ್ಲಿ ಕೇಳಿದರು: "ಹೊರ್ಗೆ ಹೋಪುದ್ ಕಪ್ ಆತ್ತ್ ಕಾಣಿ, ಎಂತಕೆ?"

"ಕಬ್ಬಿಣದ ಮಾತ್ರಿ ತಿಂದ್ರೆ ಹಾಂಗೇ ಆಪ್ದ್. ಹೆದ್ರ್ಕಣ್ಬೇಡಿ," ಎಂದೆ.

ನಾನು ಹೇಳಿದ್ದು ಸುಳ್ಳಲ್ಲ. ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಾಗುತ್ತದೆ. ಒಳಗೆ ರಕ್ತ ಸೋರಿದರೂ ಕಪ್ಪಾಗಬಹುದು. ಎರಡರಲ್ಲಿ ಯಾವುದೆಂದು ಹೇಳಲು ಪರೀಕ್ಷೆಯೇ ಆಗಬೇಕು. ನಾನು ಪರೀಕ್ಷೆಯಿಲ್ಲದೆ ತೀರ್ಪು ಕೊಟ್ಟುಬಿಟ್ಟೆ. ಅವರು ನಂಬಿದರು. ಹಾಗೆಯೇ ಇನ್ನೂ ನಾಲ್ಕು ತಿಂಗಳು ಹೋಯಿತು.

ಕೊನೆಗೆ ಬಸ್ಸಿಗೆ ಕಾಯುತ್ತಿದ್ದಲ್ಲೇ ಕುಸಿದುಬಿದ್ದರು. ಕುಂದಾಪುರದ ವೈದ್ಯರು ಹಿಮೋಗ್ಲೋಬಿನ್ ನೋಡಿದಾಗ ಆರು ಇತ್ತು, ಅಂದರೆ ಇರಬೇಕಾದದ್ದರ ಅರ್ಧ. ಕೊಲೊನೋಸ್ಕೋಪಿಯಲ್ಲಿ ದೊಡ್ಡಕರುಳಿನ ಬಲಭಾಗದಲ್ಲಿ ಗಡ್ಡೆ ಕಂಡಿತು. ಆಗಲೇ ಅದು ಯಕೃತ್ತಿಗೂ ಹರಡಿತ್ತು.

ನಾನು ಆ ವೈದ್ಯರಲ್ಲಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಗದರಲಿಲ್ಲ. "ಈ ಕಾಯಿಲೆ ಹೆಚ್ಚಾಗಿ ಪಾಲಿಪ್ ಎಂಬ ಸಣ್ಣ ಮಾಂಸದ ಗಂಟಿನಿಂದ ಶುರುವಾಗುತ್ತದೆ. ಅದನ್ನು ಸಕಾಲದಲ್ಲಿ ಕಂಡರೆ ಅಲ್ಲೇ ತೆಗೆದುಬಿಡಬಹುದು. ಮಾತ್ರೆ ನುಂಗಿದರೆ ಕಾಯಿಲೆ ಬಾರದು ಎನ್ನುವಷ್ಟು ಗಟ್ಟಿ ಆಧಾರ ನಮ್ಮ ಹತ್ತಿರ ಯಾವುದಕ್ಕೂ ಇಲ್ಲ," ಎಂದರು. ಗದರಿದ್ದರೆ ಸಮಾಧಾನವಾಗುತ್ತಿತ್ತೇನೋ.

ಗುಲಾಬಕ್ಕನ ಮನೆಗೆ ಹೋಗಲು ನನಗೆ ಎರಡು ವಾರ ಬೇಕಾಯಿತು. ಜಗಲಿಯಲ್ಲಿ ಚಾಪೆಯ ಮೇಲೆ ಗೋಡೆಗೊರಗಿ ಕುಳಿತಿದ್ದರು. ನನ್ನ ತಪ್ಪಾಯಿತು ಎನ್ನಲು ಹೊರಟೆ. ಅವರು ಪೂರ್ತಿ ಹೇಳಲು ಬಿಡಲಿಲ್ಲ.

"ಮಾತ್ರಿ ಕೇಂಡದ್ದ್ ನಾನೇ ಅಲ್ದಾ. ಅದ್ ಇರ್ಲಿ. ತಂಗಿ ಜಲಜ ನಿಮ್ಮಲ್ಲಿಗ್ ಬತ್ತ್ಳ್. ಅವ್ಳಿಗ್ ಮಾತ್ರಿ ಕೊಡ್ಬೇಡಿ ಶೆಟ್ರೇ. ಪರೀಕ್ಷಿಗ್ ಕಳ್ಸಿ."

ಯಡ್ತರೆಗೆ ಮದುವೆ ಮಾಡಿಕೊಟ್ಟಿದ್ದ ಜಲಜ ಮರುವಾರವೇ ಬಂದಳು. ನಳಿಕೆಯ ಹೆಸರು ಕೇಳಿ ಹೆದರಿ ಅತ್ತಳು. ಪರೀಕ್ಷೆಯ ದಿನ ಅಂಗಡಿಯ ಬಾಗಿಲು ಹಾಕಿ, ಹೆಂಡತಿಯನ್ನೂ ಕರೆದುಕೊಂಡು ನಾನೇ ಅವಳ ಜೊತೆ ಆಸ್ಪತ್ರೆಗೆ ಹೋದೆ. ಎರಡು ಪಾಲಿಪ್ ಸಿಕ್ಕವು. ಅಲ್ಲೇ ತೆಗೆದರು. ಸುದ್ದಿ ತಿಳಿಸಿದಾಗ ಗುಲಾಬಕ್ಕ ತಂಗಿಯ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಮುಂದಿನ ಮಳೆಗಾಲದ ಮೊದಲೇ ಅವರು ಹೋದರು.

ಜಲಜ ಈಗ ವೈದ್ಯರು ಹೇಳಿದ ಸಮಯಕ್ಕೆ ತಪ್ಪದೆ ತಪಾಸಣೆಗೆ ಹೋಗುತ್ತಾಳೆ. ಅಕ್ಕನಿಗೂ ಅಷ್ಟೇ ಸಾಕಾಗುತ್ತಿತ್ತು ಎಂಬ ಯೋಚನೆ ಅವಳನ್ನು ಕಂಡಾಗಲೆಲ್ಲ ಬರುತ್ತದೆ.

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು: ಕಾಯಿಲೆ ಬಾರದಂತೆ ಮಾತ್ರೆ ಕೇಳುವವರಿಗೆ ಏನೋ ಭಯವಿರುತ್ತದೆ, ಆ ಭಯಕ್ಕೆ ಕಾರಣವೂ ಇರುತ್ತದೆ. ಈಗ ಯಾರಾದರೂ ಹಾಗೆ ಕೇಳಿದರೆ ಮೊದಲು ಕುರ್ಚಿ ತೋರಿಸುತ್ತೇನೆ. ಮನೆಯಲ್ಲಿ ಯಾರಿಗೆ ಬಂದಿತ್ತು, ಯಾವ ವಯಸ್ಸಿನಲ್ಲಿ ಎಂದು ಕೇಳಿ, ಚೀಟಿಯಲ್ಲಿ ವೈದ್ಯರ ಹೆಸರು ಬರೆದು ಕೊಡುತ್ತೇನೆ. ಕೆಲವರು ಬೇಸರಪಟ್ಟುಕೊಂಡು ಪಕ್ಕದ ಅಂಗಡಿಗೆ ಹೋಗಿ ಮಾತ್ರೆ ಕೊಳ್ಳುತ್ತಾರೆ. ಅಂಥವರ ಹಿಂದೆಯೇ ರಸ್ತೆಯವರೆಗೆ ಹೋಗಿ ಚೀಟಿಯನ್ನು ಕೈಗಿಟ್ಟು ಬರುತ್ತೇನೆ.