ಆಸಿಡ್ ಲೈನಿನ ಮೀಟರು

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಮೀಟರ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಪೈಪುಗಳಲ್ಲಿ ಎಷ್ಟು ಹರಿಯುತ್ತಿದೆ ಎಂದು ತೋರಿಸುವ ಮೀಟರುಗಳನ್ನು ಇಪ್ಪತ್ತಾರು ವರ್ಷಗಳಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವನು. ಸುಡುವ ಹಬೆಯಾಗಲಿ ಆಸಿಡ್ಡಾಗಲಿ ನೇರವಾಗಿ ಒಳಗೆ ನುಗ್ಗಿದರೆ ಮೀಟರಿನ ಕಥೆ ಮುಗಿದಂತೆ. ಅದಕ್ಕೇ ಪೈಪಿಗೂ ಮೀಟರಿಗೂ ನಡುವೆ ಉಕ್ಕಿನ ಎರಡು ಪುಟ್ಟ ಕುಡಿಕೆಗಳು. ಹಬೆಯ ಲೈನಿನವಕ್ಕೆ ನೀರು. ಆಸಿಡ್ ಲೈನಿನವಕ್ಕೆ ಆಸಿಡ್ಡಿನೊಡನೆ ಬೆರೆಯದ ಭಾರದ ಎಣ್ಣೆ. ಇವುಗಳ ಮೂಲಕ ಒತ್ತಡವಷ್ಟೇ ಮೀಟರಿಗೆ ದಾಟುತ್ತದೆ.

"ಅತ್ತೆ ಸೊಸೆ ಮಧ್ಯೆ ಸಿಕ್ಕಿಕೊಂಡ ಗಂಡಸಿದ್ದಂಗೆ ಇದು. ಸುದ್ದಿ ದಾಟಿಸುತ್ತೆ, ಬೈಗುಳ ದಾಟಿಸಲ್ಲ" ಎಂದು ಹೊಸಬರನ್ನು ನಗಿಸುತ್ತಿದ್ದ.

ಒಂದು ಬೆಳಿಗ್ಗೆ ಆಸಿಡ್ ಲೈನಿನ ಕುಡಿಕೆಯೊಂದರ ಬುಡದಲ್ಲಿ ಎಣ್ಣೆ ಜಿನುಗುವುದು ಕಣ್ಣಿಗೆ ಬಿತ್ತು. ತಿರುಪು ಬಿಗಿದು ಮತ್ತೆ ಎಣ್ಣೆ ತುಂಬಲು ಮೇಲಿನ ವಾಲ್ವ್ ಮುಚ್ಚಬೇಕು. ಅದೋ ಸವೆದು ಹೋಗಿತ್ತು, ಎಷ್ಟು ತಿರುಗಿಸಿದರೂ ಪೂರ್ತಿ ಮುಚ್ಚದು. ಲೈನನ್ನೇ ನಿಲ್ಲಿಸಬೇಕಿತ್ತು.

"ಅರ್ಧ ಗಂಟೆ ನಿಲ್ಲಿಸಿಕೊಡಿ ಸಾರ್" ಎಂದು ಶಿಫ್ಟ್ ಆಫೀಸರನ್ನು ಕೇಳಿದ.

"ಈ ವಾರ ಉಸಿರಾಡೋಕೂ ಪುರುಸೊತ್ತಿಲ್ಲ ಕಣ್ರೀ. ಮುಂದಿನ ವಾರ ನೋಡೋಣ."

ಮುಂದಿನ ವಾರವೂ ಅದೇ ಮಾತು. ನಾಲ್ಕು ಸಲ ಶಿಫ್ಟಿನ ದೂರು ಪುಸ್ತಕದಲ್ಲಿ ಬರೆದ. ನಾಲ್ಕು ಸಲವೂ ಆಫೀಸರು ಕೆಳಗೆ ಸಹಿ ಹಾಕಿದರು, ಅಷ್ಟೇ.

ಕಂಟ್ರೋಲ್ ರೂಮಿನಲ್ಲಿ ಆ ಮೀಟರನ್ನು ನೋಡುತ್ತ ಕೂರುತ್ತಿದ್ದವನು ಅವನ ಹೆಂಡತಿಯ ತಮ್ಮನೇ. ಕೆಲಸ ಕೊಡಿಸಿದ್ದೂ ಇವನೇ.

"ಅದು ತೋರಿಸೋದನ್ನ ನಂಬಬೇಡ ಕಣೋ."

"ತೊಟ್ಟಿಗೆ ಎಷ್ಟು ಬಿತ್ತು ಅಂತ ಹೇಳೋಕೆ ನನ್ನ ಮುಂದೆ ಅದೊಂದೇ ಇರೋದು, ಭಾವ. ಅದನ್ನ ಬಿಟ್ಟು ಯಾರನ್ನ ನಂಬಲಿ?"



ಗುರುವಾರ ಮಧ್ಯಾಹ್ನ, ಎಣ್ಣೆ ಬರಿದಾದ ಕುಡಿಕೆ ದಾಟಿ ಬಂದ ಆಸಿಡ್ ಮೀಟರಿನೊಳಗಿನ ತೆಳು ತಗಡನ್ನು ತಿಂದುಹಾಕಿತು. ಹರಿವು ಕಡಿಮೆಯಾಗಿದೆ ಎಂದು ಮೀಟರು ಸುಳ್ಳು ತೋರಿಸಿತು. ಭಾವಮೈದ ನಿಯಮದಂತೆ ಹರಿವು ಹೆಚ್ಚಿಸಿದ. ತೊಟ್ಟಿ ಉಕ್ಕಿತು. ಕೂಗು ಕೇಳಿ ಕೈವಾಲ್ವ್ ಮುಚ್ಚಲು ಭಾವಮೈದನೇ ಓಡಿದ. ಆಸಿಡ್ ಮುಖಕ್ಕೆ ಸಿಡಿದು ಅವನ ಬಲಗಣ್ಣು ಹೋಯಿತು.

ಆಮೇಲೆ ಲೈನು ಮೂರು ದಿನ ನಿಂತಿತು. ಮೇಷ್ಟ್ರು ಹೊಸ ಮೀಟರು ಕೂರಿಸಿ, ಕುಡಿಕೆಗಳಿಗೆ ಎಣ್ಣೆ ತುಂಬಿ ಮುಗಿಸಿದಾಗ ಗಡಿಯಾರ ನೋಡಿದ. ಇಪ್ಪತ್ತೈದು ನಿಮಿಷವೂ ಆಗಿರಲಿಲ್ಲ.

ವಿಚಾರಣೆಯಲ್ಲಿ ಪುಸ್ತಕ ತೆರೆದು ತೋರಿಸಿದ.

"ಬರೆದುಬಿಟ್ರೆ ಆಯ್ತೇನ್ರೀ? ಪಟ್ಟು ಹಿಡಿದು ಕೂರಬೇಕಿತ್ತು" ಎಂದರು ವಿಚಾರಣೆಗೆ ಕೂತ ಮೇಲಧಿಕಾರಿ. ಸಹಿ ಹಾಕಿದ ಶಿಫ್ಟ್ ಆಫೀಸರು ಅವರ ಪಕ್ಕದಲ್ಲೇ ತಲೆ ತಗ್ಗಿಸಿ ಕುಳಿತಿದ್ದರು. ಮೇಷ್ಟ್ರಿಗೆ ಎಚ್ಚರಿಕೆ ಪತ್ರ ಬಂತು. ಅವನು ಜಗಳವಾಡಲಿಲ್ಲ, ಯಾರ ಮೇಲೆ ಕೂಗಿದರೆ ಕಣ್ಣು ಬರುತ್ತದೆ?

ಮನೆಯಲ್ಲಿ ಹೆಂಡತಿ ಒಂದೇ ಒಂದು ಪ್ರಶ್ನೆ ಕೇಳಿದಳು. "ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅಂದಿನಿಂದ ಅವಳ ಮಾತು ಬೇಕು ಬೇಡಗಳಿಗಷ್ಟೇ.

ಭಾವಮೈದನನ್ನು ಈಗ ಗೇಟಿನ ಬಳಿಯ ಕೆಲಸಕ್ಕೆ ಹಾಕಿದ್ದಾರೆ. ಪ್ರತಿ ಸಂಜೆ ಮೇಷ್ಟ್ರು ಅವನ ಮನೆಗೆ ಹೋಗಿ ಗಾಯಕ್ಕೆ ಮುಲಾಮು ಹಚ್ಚುತ್ತಾನೆ.

"ನಿಮ್ಮ ತಪ್ಪೇನಿದೆ ಬಿಡಿ, ಭಾವ" ಎನ್ನುತ್ತಾನೆ ಅವನು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮೇಷ್ಟ್ರು ಹತ್ತಿ ಮಡಚಿ, ಮುಂದಿನ ಪಟ್ಟಿ ಕತ್ತರಿಸುತ್ತಾನೆ.