ಬಿರುಕಿನ ದನಿ ಕೇಳುತ್ತಿದ್ದ ಜರ್ಮನ್ ಮೇಷ್ಟ್ರು

ಅವರ ಎಡಗಿವಿಯ ಮುಂದೆ, ಕೆನ್ನೆ ಶುರುವಾಗುವ ಜಾಗದಲ್ಲಿ, ನಾಣ್ಯದಷ್ಟು ಅಗಲದ ಒಂದು ಕೆಂಪು ಗುರುತು ಇತ್ತು. ಸ್ಕ್ರೂಡ್ರೈವರಿನ ಹಿಡಿ ಒತ್ತಿ ಒತ್ತಿ ಆದದ್ದು. ಯಾವ ಯಂತ್ರ ಕಂಡರೂ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ತಾಗಿಸಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಮೆಲ್ಬರ್ನಿನ ಯೂನಿವರ್ಸಿಟಿಯಲ್ಲಿ ನಾನು ಅವರನ್ನು ಮೊದಲು ಕಂಡಾಗ ಕ್ಯಾಂಟೀನಿನ ಫ್ರಿಜ್ಜನ್ನು ಹಾಗೆ ಆಲಿಸುತ್ತಿದ್ದರು. ‘ಇದು ಬೇಸಿಗೆ ದಾಟುವುದಿಲ್ಲ’ ಎಂದರು, ಯಾರಿಗೆಂದಿಲ್ಲದೆ. ಅಲ್ಲಿನ ನಡುಬೇಸಿಗೆಯಾದ ಜನವರಿಯ ಒಂದು ಸೋಮವಾರ ಆ ಫ್ರಿಜ್ಜಿನೊಳಗಿನ ಹಾಲೆಲ್ಲ ಒಡೆದಿತ್ತು.

ಅವರು ನನ್ನ ಪಿಎಚ್.ಡಿ. ಮಾರ್ಗದರ್ಶಕರು. ಮನೆಗೆ ಫೋನು ಮಾಡುವಾಗ ನಾನು ಅವರನ್ನು ಜರ್ಮನ್ ಮೇಷ್ಟ್ರು ಎನ್ನುತ್ತಿದ್ದೆ. ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದವಿಲ್ಲ. ಆದರೂ ಅವರ ಮಾತು ನನಗೆ ಯಾವಾಗಲೂ ‘ನೀವು’ ಎಂದೇ ಕೇಳಿಸಿತು. ನಮ್ಮ ವಿಭಾಗದ ಮುಖ್ಯಸ್ಥರ ಮಾತು ‘ನೀನು’ ಎಂದು ಕೇಳಿಸಿತು. ಇಬ್ಬರೂ ಬಳಸಿದ್ದು ಒಂದೇ ಪದ.

ಮೇಷ್ಟ್ರ ಅಪ್ಪ ಜರ್ಮನಿಯ ಒಂದು ಸಣ್ಣ ರೈಲು ನಿಲ್ದಾಣದಲ್ಲಿ ಚಕ್ರ ತಟ್ಟುವ ಕೆಲಸ ಮಾಡುತ್ತಿದ್ದರಂತೆ. ಗಾಡಿ ಬಂದು ನಿಂತೊಡನೆ ಉದ್ದ ಹಿಡಿಯ ಸುತ್ತಿಗೆಯಿಂದ ಒಂದೊಂದು ಚಕ್ರಕ್ಕೂ ಹೊಡೆದು, ದನಿ ಕೇಳಿ, ಬಿರುಕು ಬಿಟ್ಟ ಚಕ್ರವನ್ನು ಗುರುತಿಸುವುದು. ಮಗ ಭೌತಶಾಸ್ತ್ರ ಓದಿದ. ಎರಡು ವರ್ಷಕ್ಕೆಂದು ಮೆಲ್ಬರ್ನಿಗೆ ಬಂದವರು ಇಲ್ಲೇ ಉಳಿದರು, ಮದುವೆಯಾದರು, ಹೆಂಡತಿಯನ್ನು ಕಳೆದುಕೊಂಡರು. ಗೋದಿಯ ಕಣಜದೊಳಗೆ ಹುಳು ಕಡಿಯುವ ಸದ್ದನ್ನು ಹಿಡಿಯುವ ಉಪಕರಣ ಮಾಡಿದರು. ನೆಲದಡಿ ನೀರಿನ ಕೊಳವೆ ಸೋರುವ ಜಾಗವನ್ನು ಕೇಳಿ ಹೇಳುವ ಇನ್ನೊಂದನ್ನು ಮಾಡಿದರು. ಲೇಖನ ಪ್ರಕಟಿಸುವುದರಲ್ಲಿ ಸೋಮಾರಿ, ಆದ್ದರಿಂದ ಕೊನೆಯವರೆಗೂ ಪ್ರೊಫೆಸರ್ ಆಗಲಿಲ್ಲ. ನಾನು ಡಬ್ಬಿಯಲ್ಲಿ ತರುತ್ತಿದ್ದ ಚಿತ್ರಾನ್ನವನ್ನು ಫೋರ್ಕಿನಿಂದ ಕೆದಕಿ, ‘ಕಡಲೇಬೇಳೆ ಇವತ್ತು ಸರಿಯಾದ ಶಬ್ದ ಮಾಡುತ್ತಿದೆ’ ಎನ್ನುತ್ತಿದ್ದರು.

ಇಷ್ಟು ಹೇಳಿದರೆ ಪ್ರೀತಿಯ ಮುದುಕನ ಚಿತ್ರ ಬಂದುಬಿಡುತ್ತದೆ. ನಾನು ಇದನ್ನು ಬರೆಯುತ್ತಿರುವುದು ಕೋಪದಲ್ಲಿ. ಆ ಕೋಪದ ಒಂದು ಪಾಲು ಅವರ ಮೇಲೂ ಇದೆ.

ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವವರು ದಿನದ ಕೆಲಸವನ್ನು ಒಂದು ಹೊಲಿದ ನೋಟ್‌ಬುಕ್ಕಿನಲ್ಲಿ ಶಾಯಿಯಿಂದ ಬರೆಯಬೇಕು. ಪುಟದ ಕೆಳಗೆ ಇನ್ನೊಬ್ಬರು ‘ಓದಿ ಅರ್ಥಮಾಡಿಕೊಂಡಿದ್ದೇನೆ’ ಎಂದು ಸಹಿ ಮಾಡಿ ತಾರೀಖು ಹಾಕಬೇಕು. ಮುಂದೆಂದಾದರೂ ಈ ವಿಚಾರ ಯಾರಿಗೆ ಮೊದಲು ಹೊಳೆಯಿತು ಎಂಬ ತಕರಾರು ಬಂದರೆ ಆ ಸಹಿಯೇ ಸಾಕ್ಷಿ. ಬೇರೆ ಕೋಣೆಗಳಲ್ಲಿ ಕಾಫಿ ಕುಡಿಯುತ್ತ ಒಬ್ಬರ ಪುಸ್ತಕಕ್ಕೆ ಒಬ್ಬರು ಹತ್ತು ಹತ್ತು ಪುಟ ಸಹಿ ಹಾಕಿಕೊಡುತ್ತಿದ್ದರು. ನಮ್ಮ ಕೋಣೆಯಲ್ಲಿ ಹಾಗೆ ನಡೆಯುತ್ತಿರಲಿಲ್ಲ. ಶುಕ್ರವಾರ ಮೂರು ಗಂಟೆಗೆ ಮೇಷ್ಟ್ರು ತಮ್ಮ ಪುಸ್ತಕವನ್ನು ನನ್ನ ಮುಂದಿಡುತ್ತಿದ್ದರು. ನಾನು ಓದಿದ ಮೇಲೆ ಪ್ರಶ್ನೆ ಕೇಳುತ್ತಿದ್ದರು. ಉತ್ತರ ತಡವರಿಸಿದರೆ ಪೆನ್ನು ಕಿತ್ತುಕೊಳ್ಳುತ್ತಿದ್ದರು.

‘ಅರ್ಥವಾಗಿದೆ ಅಂತ ಬರೆದಿದೆ. ಓದಿದ್ದೇನೆ ಅಂತ ಮಾತ್ರ ಬರೆದಿಲ್ಲ.’

ಚಲಿಸುವ ರೈಲಿನ ಚಕ್ರದ ಬಿರುಕನ್ನು ಹಳಿಯ ಪಕ್ಕದಲ್ಲಿಟ್ಟ ಉಪಕರಣದಿಂದ ಪತ್ತೆ ಮಾಡುವುದು ಅವರ ಕೊನೆಯ ಕೆಲಸವಾಗಿತ್ತು. ಅಪ್ಪನ ಸುತ್ತಿಗೆಯ ಕೆಲಸವೇ, ಆದರೆ ಗಾಡಿ ನಿಲ್ಲಬಾರದು. ಗಾಡಿಯ ಗದ್ದಲದಲ್ಲಿ ಒಂದು ಚಕ್ರದ ದನಿಯನ್ನು ಹೆಕ್ಕುವುದು ಹೇಗೆ? ಏಳು ವರ್ಷ ಅದರಲ್ಲೇ ಸಿಕ್ಕಿಕೊಂಡಿದ್ದರು. ಒಂದು ವಾರ ಅವರ ಪುಸ್ತಕದಲ್ಲಿ ನಾಲ್ಕು ಪುಟ ಒತ್ತೊತ್ತಾಗಿ ತುಂಬಿದ್ದವು. ಪ್ರಶ್ನೆ ಕೇಳುವ ಮುಂಚೆಯೇ ಮೇಷ್ಟ್ರು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು.

ನನಗೆ ಅರ್ಥವಾಗಲಿಲ್ಲ. ಎರಡನೆಯ ಪುಟದಲ್ಲಿ ಒಂದು ಸ್ವರ ಇದ್ದಕ್ಕಿದ್ದಂತೆ ಎರಡಾಗುತ್ತಿತ್ತು. ಯಾಕೆ ಎಂದು ಕೇಳಿದ್ದರೆ ಹತ್ತು ನಿಮಿಷದಲ್ಲಿ ಹೇಳಿಕೊಡುತ್ತಿದ್ದರು. ಬೆಂಗಳೂರಿನಲ್ಲಿ ರ‍್ಯಾಂಕ್ ಬಂದವಳು ನಾನು. ‘ಇನ್ನೂ ಓದುತ್ತಿದ್ದೇನೆ’ ಎಂದೆ.

‘ನಿಧಾನವಾಗಿ ಓದಿ’ ಎಂದರು.

ಮುಂದಿನ ಶುಕ್ರವಾರ ಸಿಡ್ನಿಯ ಒಂದು ಕೆಲಸಕ್ಕೆ ಅರ್ಜಿ ಬರೆಯುವುದಿತ್ತು. ಅದರ ಮುಂದಿನ ಶುಕ್ರವಾರ ತಲೆನೋವು ಎಂದೆ, ಸುಳ್ಳು. ಈ ನಡುವೆ ಮೇಷ್ಟ್ರು ಅದೇ ವಿಚಾರವನ್ನು ಮುಖ್ಯಸ್ಥರ ಕೋಣೆಯ ಬೋರ್ಡಿನ ಮೇಲೆ ಬರೆದು ವಿವರಿಸಿದ್ದರು. ಸಂತೋಷದಲ್ಲಿದ್ದ ಮನುಷ್ಯ, ಯಾರು ಕೇಳಿದರೂ ಹೇಳುತ್ತಿದ್ದರು.

ಇಂಟರ್‌ವ್ಯೂಗೆಂದು ಸಿಡ್ನಿಗೆ ಹೋದಾಗ ಬ್ಲ್ಯಾಕ್‌ಟೌನಿನ ಚಿಕ್ಕಮ್ಮನ ಮನೆಯಲ್ಲಿ ಇಳಿದುಕೊಂಡೆ. ಚಿಕ್ಕಮ್ಮ ಶನಿವಾರ ಬೆಳಿಗ್ಗೆ ಅಕ್ಕಪಕ್ಕದ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಮಕ್ಕಳು ಬರುವ ಮುಂಚೆ ತಂಬೂರಿ ಶ್ರುತಿ ಮಾಡುತ್ತ ಕುಳಿತಿದ್ದಳು. ನಡುವಿನ ಎರಡು ತಂತಿಗಳನ್ನು ಒಟ್ಟಿಗೆ ಮೀಟಿದಳು. ನಾದ ಅಲೆಯಲೆಯಾಗಿ ಏರಿ ಇಳಿಯಿತು.

‘ಇನ್ನೂ ಜಗಳ ಆಡ್ತಿವೆ ನೋಡು ಇವೆರಡೂ’ ಎಂದಳು. ‘ಕೂದಲೆಳೆಯಷ್ಟು ವ್ಯತ್ಯಾಸ. ಅದಕ್ಕೇ ಈ ನಡುಕ.’ ಮಣಿಯನ್ನು ಸ್ವಲ್ಪ ಸರಿಸಿದಳು. ಅಲೆ ನಿಧಾನವಾಯಿತು, ಆಮೇಲೆ ನಿಂತಿತು.

ನಾಲ್ಕೂ ಪುಟ ನನ್ನ ಕಣ್ಣೆದುರಿಗೆ ಬಂದವು. ಗುಂಡಗಿರುವ ಒಳ್ಳೆಯ ಚಕ್ರಕ್ಕೆ ಒಂದು ಸ್ವರ. ಬಿರುಕು ಬಿಟ್ಟರೆ ಒಂದು ಕಡೆಗೆ ಸ್ವಲ್ಪ ತಗ್ಗಿದ ಸ್ವರ, ಇನ್ನೊಂದು ಕಡೆಗೆ ಮೊದಲಿನದೇ. ಎರಡೂ ಸೇರಿ ನಡುಗುತ್ತವೆ. ಗದ್ದಲ ಎಷ್ಟಾದರೂ ಇರಲಿ, ಹುಡುಕಬೇಕಾದದ್ದು ಆ ನಡುಕವನ್ನು. ಎಷ್ಟು ಸರಳ, ಎಷ್ಟು ಚೆಂದ. ಹಿತ್ತಲಿಗೆ ಹೋಗಿ ಮೇಷ್ಟ್ರಿಗೆ ಫೋನು ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ.

‘ಸರಿಯಾಗಿ ಹೇಳಿದಿರಿ’ ಎಂದರು. ‘ಮೊನ್ನೆ ಗುರುವಾರ ಮುಖ್ಯಸ್ಥರು ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದಾರೆ. ಕಂಡುಹಿಡಿದವರ ಜಾಗದಲ್ಲಿ ಅವರೊಬ್ಬರದೇ ಹೆಸರಿದೆ. ನನಗೆ ನಿನ್ನೆ ಗೊತ್ತಾಯಿತು. ಯೂನಿವರ್ಸಿಟಿಯ ಸಮಿತಿಗೆ ದೂರು ಕೊಡುತ್ತೇನೆ. ಈ ಒಂದಕ್ಕೆ ನನ್ನ ಹೆಸರು ಇರಬೇಕು. ಇದು ನನಗೆ ಬೇಕು.’

ಅವರ ಬಾಯಿಂದ ‘ಬೇಕು’ ಎಂಬುದನ್ನು ನಾನು ಕೇಳಿದ್ದು ಅದೊಂದೇ ಸಲ.

ಊಟಕ್ಕೆ ಕುಳಿತಾಗ ಚಿಕ್ಕಪ್ಪನಿಗೆ ಹೇಳಿದೆ. ಮೈಸೂರಿನಲ್ಲಿ ಸರ್ಕಾರಿ ಎಂಜಿನಿಯರ್ ಆಗಿದ್ದು ಬಂದವರು.

‘ಪುಟದ ಕೆಳಗೆ ಜಾಗ ಖಾಲಿ ಇದ್ಯಲ್ಲಮ್ಮ? ಮೂರು ವಾರದ ಹಿಂದಿನ ತಾರೀಖ್ ಹಾಕಿ ಸೈನ್ ಮಾಡ್ಬಿಡು. ನಮ್ಮ ಆಫೀಸಲ್ಲಿ ಮಾರ್ಚ್ ತಿಂಗಳ ಫೈಲೆಲ್ಲ ಏಪ್ರಿಲ್‌ನಲ್ಲೇ ಹುಟ್ತಿತ್ತು.’

‘ಅವಳಿಗೆ ಅದನ್ನೆಲ್ಲ ಕಲಿಸ್ಬೇಡಿ’ ಎಂದಳು ಚಿಕ್ಕಮ್ಮ.

‘ಸುಳ್ಳು ಹೇಳು ಅಂದ್ನಾ ನಾನು? ಆ ಮನುಷ್ಯ ಅವತ್ತೇ ಬರ್ದಿರೋದು ನಿಜ ತಾನೆ? ನಿಜಕ್ಕೆ ಒಂದು ಸೈನ್, ಅಷ್ಟೆ. ಆದ್ರೆ ಆ ಹೆಡ್ ಜೊತೆ ಎದುರೆದುರು ಜಗಳಕ್ಕೆ ನಿಲ್ಬೇಡ. ಈ ದೇಶದಲ್ಲೇ ಉಳಿಯೋಕೆ ನಿನ್ನ ಪಿಆರ್ ಇನ್ನೂ ಬಂದಿಲ್ಲ.’

ಸೋಮವಾರ ಮೆಲ್ಬರ್ನಿನಲ್ಲಿ ಪುಸ್ತಕ ತೆರೆದು ಸಹಿ ಮಾಡಿದೆ. ಮೂರು ವಾರದ ಹಿಂದಿನ ಶುಕ್ರವಾರದ ತಾರೀಖು ಬರೆಯಲು ಪೆನ್ನು ಊರಿದಾಗ ಮೇಷ್ಟ್ರು ಪುಟದ ಮೇಲೆ ಅಂಗೈ ಇಟ್ಟರು.

‘ಯಾವತ್ತು ಅರ್ಥವಾಯಿತು?’

‘ನೀವು ಬರೆದದ್ದು ಆವತ್ತೇ ಅಲ್ಲವೇ?’

‘ನಾನು ಬರೆದದ್ದನ್ನು ಕೇಳುತ್ತಿಲ್ಲ.’

‘ಶನಿವಾರ’ ಎಂದೆ. ‘ಆದರೆ ಆ ತಾರೀಖಿನಿಂದ ನಿಮಗೇನೂ ಪ್ರಯೋಜನವಿಲ್ಲ.’

‘ಇಲ್ಲ’ ಎಂದು ಒಪ್ಪಿಕೊಂಡರು. ‘ಆದರೆ ಬೇರೆ ತಾರೀಖು ಹಾಕಿದರೆ ನೀವು ಇದುವರೆಗೆ ಮಾಡಿದ ಸಹಿಗಳೆಲ್ಲ ಏನಾಗುತ್ತವೆ? ಸಹಿ ಮಾಡಿದ್ದು ಇವತ್ತು. ಇವತ್ತಿನ ತಾರೀಖು ಹಾಕಿ.’

ಹಾಕಿದೆ. ಅವರ ಮೇಲೆ ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ. ತನಗೆ ಅನ್ಯಾಯವಾಗುತ್ತಿರುವಾಗ ಪುಸ್ತಕದ ಶುದ್ಧಿ ಕಾಯುವ ಮನುಷ್ಯನನ್ನು ಎಲ್ಲರೂ ಮೆಚ್ಚುತ್ತಾರೆ. ಪಕ್ಕದಲ್ಲಿ ನಿಂತು ಆ ಅನ್ಯಾಯಕ್ಕೆ ಕಾರಣವಾದವಳಿಗೆ ಮೆಚ್ಚುವುದು ಅಷ್ಟು ಸುಲಭವಲ್ಲ.

ಸಮಿತಿಯಲ್ಲಿ ಮೂವರಿದ್ದರು. ಈ ಪುಟಗಳನ್ನು ಮೊದಲು ಯಾವಾಗ ನೋಡಿದೆ ಎಂದು ಕೇಳಿದರು. ಸಹಿ ಮಾಡುವುದಕ್ಕೆ ಮೂರು ವಾರ ಮುಂಚೆ ಎಂದೆ. ಆಗ ಅದರಲ್ಲಿ ಏನಿದೆ ಎಂದು ಅರ್ಥವಾಗಿತ್ತೇ? ಇಲ್ಲ. ಹಾಗಿದ್ದರೆ ಆಗ ನೋಡಿದ್ದು ಈಗ ಇಲ್ಲಿರುವುದೇ, ಒಂದು ಸಾಲೂ ಆಮೇಲೆ ಸೇರಿಸಿಲ್ಲ ಎಂದು ಖಚಿತವಾಗಿ ಹೇಳುತ್ತೀಯಾ?

ಮೇಷ್ಟ್ರು ಆಮೇಲೆ ಒಂದು ಸಾಲನ್ನೂ ಸೇರಿಸಿರಲಿಲ್ಲ. ಅವರನ್ನು ಬಲ್ಲ ಯಾರಿಗಾದರೂ ಅದು ಗೊತ್ತು. ಆದರೆ ಅರ್ಥವಾಗದ ಪುಟದ ಒಂದೊಂದು ಸಾಲೂ ನೆನಪಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಎದುರಿಗೆ ಮುಖ್ಯಸ್ಥರು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕುಳಿತಿದ್ದರು. ನನ್ನ ಪಿಆರ್ ಕೂಡ ತಲೆಯಲ್ಲಿತ್ತು, ಇಲ್ಲವೆನ್ನುವುದಿಲ್ಲ.

‘ಖಚಿತವಾಗಿ ಹೇಳಲಾರೆ’ ಎಂದೆ.

ಅಲ್ಲಿಗೆ ಮುಗಿಯಿತು. ಮೇಷ್ಟ್ರ ಹೆಸರು ಆ ಉಪಕರಣದ ಬಗ್ಗೆ ವಿಭಾಗ ಹೊರತಂದ ವರದಿಯ ಕೊನೆಯ ಕೃತಜ್ಞತೆಯ ಸಾಲಿಗೆ ಹೋಯಿತು, ಟೈಪು ಮಾಡಿದವರ ಹೆಸರಿನ ಪಕ್ಕಕ್ಕೆ. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಪ್ರಬಂಧದ ಕರಡನ್ನು ಮೊದಲಿನಂತೆಯೇ ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅದೂ ಗೊತ್ತಿದ್ದೇ ಬೈಯಲಿಲ್ಲವೇನೋ ಎಂದು ಎಷ್ಟೋ ಸಲ ಅನ್ನಿಸಿದೆ.

ಅವರು ನಿವೃತ್ತರಾದರು, ನಾನು ಸಿಡ್ನಿಗೆ ಹೋದೆ. ಎರಡು ವರ್ಷದ ಮೇಲೆ ಹೃದಯ ನಿಂತು ತೀರಿಕೊಂಡರು. ವಿಭಾಗದಲ್ಲಿ ಒಂದು ಮಧ್ಯಾಹ್ನ ಸಂತಾಪ ಸಭೆ ಇಟ್ಟರು. ಚಹಾ, ಸ್ಯಾಂಡ್‌ವಿಚ್ಚು, ಗೋಡೆಯ ಮೇಲೆ ಒಂದು ಫೋಟೊ. ಮುಖ್ಯಸ್ಥರು ಚೆನ್ನಾಗಿ ಮಾತಾಡಿದರು. ‘ಇಂಥ ವಿನಯ ಈಗ ಅಪರೂಪ’ ಎಂದರು. ‘ಹೆಸರಿನ ಹಂಬಲ ಅವರಿಗೆ ಇರಲೇ ಇಲ್ಲ.’

ಸಭೆಯಲ್ಲಿ ನಾನಾಗಿ ಮಾತಾಡಿದವಳಲ್ಲ. ತರಗತಿಯಲ್ಲೂ ಕೈ ಎತ್ತುತ್ತಿರಲಿಲ್ಲ. ಆವತ್ತು ಎದ್ದು ನಿಂತಿದ್ದೆ.

‘ಇತ್ತು’ ಎಂದೆ. ‘ಚಕ್ರದ ಉಪಕರಣಕ್ಕೆ ತಮ್ಮ ಹೆಸರಿರಬೇಕು ಎಂದು ಅವರಿಗೆ ಆಸೆಯಿತ್ತು. ನನಗೆ ಹೇಳಿದ್ದರು. ಕಂಡುಹಿಡಿದದ್ದು ಅವರು. ನಿಮಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ನಾನು ಹೊತ್ತಿಗೆ ಸರಿಯಾಗಿ ಸಹಿ ಮಾಡಲಿಲ್ಲ. ನಿಮಗೆ ಅದರಿಂದ ಅನುಕೂಲವಾಯಿತು.’

ಮುಖ್ಯಸ್ಥರು ಮೆಲ್ಲಗೆ ಹತ್ತಿರ ಬಂದು, ‘ನಿನಗೆ ತುಂಬ ದುಃಖವಾಗಿದೆ, ಅರ್ಥವಾಗುತ್ತದೆ’ ಎಂದು ಭುಜದ ಕಡೆಗೆ ಕೈ ಚಾಚಿದರು.

‘ದುಃಖವಲ್ಲ’ ಎಂದು ಹಿಂದೆ ಸರಿದೆ.

ಹೊರಗೆ ಹೋಗುವಾಗ ವರ್ಕ್‌ಶಾಪಿನ ಹಳೆಯ ಟೆಕ್ನೀಷಿಯನ್ ಬಾಗಿಲು ತೆರೆದು ಹಿಡಿದಿದ್ದ. ಮೇಷ್ಟ್ರ ಉಪಕರಣಗಳನ್ನೆಲ್ಲ ಕಡೆದು ಜೋಡಿಸಿಕೊಟ್ಟವನು ಅವನೇ.

‘ಅದು ಅವರದೇ ಎಂದು ನಮಗೆಲ್ಲರಿಗೂ ಗೊತ್ತಿತ್ತು’ ಎಂದ, ನೆಲ ನೋಡುತ್ತ.

ಬದುಕಿದ್ದಾಗ ಯಾಕೆ ಹೇಳಲಿಲ್ಲ ಎಂದು ಕೇಳಲು ಬಾಯಿ ತೆರೆದೆ. ಆದರೆ ಸಮಿತಿ ಅವನನ್ನು ಕರೆದಿರಲಿಲ್ಲ. ನನ್ನನ್ನು ಕರೆದಿತ್ತು.